ಮೂರು ಸಲ ಬಿಚ್ಚಿದ ಹಾಸಿಗೆ

ತಿಗಣೆ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಹಾವು ಅನ್ನಬಹುದಿತ್ತು, ಚೇಳು ಅನ್ನಬಹುದಿತ್ತು, ತಿಗಣೆ ಮಾತ್ರ ಅನ್ನುವ ಹಾಗಿರಲಿಲ್ಲ. ಯಾಕೆಂದರೆ ಆ ಮನೆಯ ಯಜಮಾನರು ಹಾಸಿಗೆ ಮೇಸ್ತ್ರಿ. ಮನೆಯ ಮುಂಭಾಗದಲ್ಲೇ ಅಂಗಡಿ, ಅದರ ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ, ಅದರಾಚೆ ಹತ್ತಿ ಒಣಗಿಸಲು ಕಲ್ಲು ಹಾಸಿದ ಅಂಗಳ. ಮೂವತ್ತೆರಡು ವರ್ಷ ಹತ್ತಿ ಹಿಂಜಿ, ಚೀಲಕ್ಕೆ ತುಂಬಿ, ದಬ್ಬಳದಿಂದ ಟಾಕು ಹಾಕಿ ಊರಿಗೆಲ್ಲ ನಿದ್ದೆ ಹಂಚಿದ ಮನುಷ್ಯ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನನ್ನ ಹತ್ರ ಬನ್ನಿ, ಕಾಲು ಇದ್ದಷ್ಟು ಹಾಸಿಗೆ ಮಾಡಿಕೊಡ್ತೀನಿ" ಎಂಬ ತಮಾಷೆಯನ್ನು ಪ್ರತಿ ಗಿರಾಕಿಗೂ ಹೇಳಿ ತಾವೇ ಮೊದಲು ನಗುತ್ತಿದ್ದರು. ಮನೆಯವರಿಗೆ ಅದನ್ನು ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು.

ನಾಲ್ಕು ವರ್ಷದ ಹಿಂದೆ ದೊಡ್ಡ ರಸ್ತೆಯಲ್ಲಿ ಸ್ಪಂಜಿನ ಹಾಸಿಗೆಯ ಅಂಗಡಿ ಬಂದಾಗ, ಹತ್ತಿ ಹಾಸಿಗೆಯಲ್ಲಿ ತಿಗಣೆ ಸೇರುತ್ತದೆ ಎಂದು ಯಾರೋ ಗುಲ್ಲೆಬ್ಬಿಸಿದರು. ಮೇಸ್ತ್ರಿ ಮಾರನೇ ದಿನವೇ ಬೋರ್ಡು ಬರೆಸಿದರು: ನಮ್ಮ ಹಾಸಿಗೆಯಲ್ಲಿ ಒಂದೇ ಒಂದು ತಿಗಣೆ ತೋರಿಸಿ, ಹೊಸ ಹಾಸಿಗೆ ಉಚಿತ. ಇಲ್ಲಿಯವರೆಗೆ ಯಾರೂ ತೋರಿಸಿರಲಿಲ್ಲ. ಅದೇ ಅವರ ಹೆಮ್ಮೆ, ಅದೇ ಅವರ ಭಯ.

ಹಾಗಾಗಿ ಒಂದು ಬೆಳಗ್ಗೆ ಚಹಾದ ಹೊತ್ತಿಗೆ ಹೆಂಡತಿ, "ರೀ, ಸೊಸೆಗೆ ಮೂರು ದಿನದಿಂದ ಹಾಸಿಗೆ ಮೇಲೆ ಮಲಗೋಕೆ ಆಗ್ತಿಲ್ವಂತೆ. ನವೆಯಂತೆ" ಎಂದಾಗ ಮೇಸ್ತ್ರಿಯ ಕಿವಿಗೆ ಬಿದ್ದದ್ದು ಹಾಸಿಗೆ ಎಂಬ ಒಂದೇ ಮಾತು.

"ಯಾವ ಹಾಸಿಗೆ?"

"ಮನೇಲಿ ಎಷ್ಟು ಹಾಸಿಗೆ ಇದೆ? ಅವಳು ಮಲಗೋ ಹಾಸಿಗೆ."

"ಅದು ಮದುವೆಗೆ ಅಂತ ನಾನೇ ಕೂತು ಮಾಡಿದ್ದು. ಅದರಲ್ಲಿ ನವೆ ಹೇಗೆ ಬರುತ್ತೆ?"

"ಹಾಸಿಗೆಯಿಂದ ಬಂತು ಅಂತ ಯಾರು ಹೇಳಿದ್ರು? ಮಲಗಿದಾಗ ಜಾಸ್ತಿ ಅಂದ್ಲು, ಅಷ್ಟೇ."

"ಮಲಗಿದಾಗ ಅಂದ್ರೆ ಹಾಸಿಗೆ ಅಂತಲೇ ಅರ್ಥ" ಎಂದು ಮೇಸ್ತ್ರಿ ಲೋಟ ಕುಕ್ಕಿದರು.

ಸೊಸೆಗೆ ಆಗ ಎಂಟನೇ ತಿಂಗಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಡಗೈ ಹೆಬ್ಬೆರಳಿನಿಂದ ಬಲ ಅಂಗೈಯನ್ನು ಉಜ್ಜಿಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು. ಇದು ಮಾಮೂಲೋ ಅಲ್ಲವೋ ಎಂದು ಕೇಳಲು ಅವಳಿಗೆ ಈ ಮನೆ ಬಿಟ್ಟರೆ ಬೇರೆ ಮನೆ ಇರಲಿಲ್ಲ. "ಹಾಸಿಗೆ ಚೆನ್ನಾಗೇ ಇದೆ ಮಾವ. ನನಗೇ ಏನೋ..." ಎಂದಳು. ಆ "ಏನೋ" ಏನು ಎಂದು ಯಾರೂ ಕೇಳಲಿಲ್ಲ. ಅತ್ತೆ ಎಣ್ಣೆ ಹಚ್ಚಿಕೋ ಎಂದರು. ಮೇಸ್ತ್ರಿ ಆಗಲೇ ಕೋಣೆಗೆ ನುಗ್ಗಿ ಹಾಸಿಗೆ ಸುತ್ತುತ್ತಿದ್ದರು.

ಅಂಗಳದಲ್ಲಿ ಹಾಸಿಗೆ ಬಿಚ್ಚಿದರು. ಅಂಗಡಿಯ ಬಾಗಿಲು ಅರ್ಧ ಎಳೆದು, ಹಿತ್ತಲ ಬಾಗಿಲಿಗೆ ಚಿಲಕ ಹಾಕಿ, ಕದ್ದ ಮಾಲು ಬಿಚ್ಚುವವರ ಹಾಗೆ ಟಾಕುಗಳನ್ನು ಒಂದೊಂದಾಗಿ ಕತ್ತರಿಸಿದರು. ಕನ್ನಡಕ ಮೂಗಿನ ತುದಿಗೆ ಇಳಿಸಿ ಹೊಲಿಗೆಯ ಒಳಗೆಲ್ಲ ಹುಡುಕಿದರು. ಹತ್ತಿ ಎಂದರೆ ಹತ್ತಿ. ಅದರಲ್ಲಿ ಒಂದು ಬೀಜದ ಸಿಪ್ಪೆ ಕೂಡ ಇರಲಿಲ್ಲ. ಎರಡು ದಿನ ಬಿಸಿಲಿಗೆ ಹಾಕಿ, ಮತ್ತೆ ಹಿಂಜಿ, ಚೀಲ ಕುದಿಸಿ ಒಗೆಸಿ, ಮೂರನೇ ದಿನ ಹೊಸ ಹಾಸಿಗೆಯಂತೆ ಉಬ್ಬಿಸಿ ಕೊಟ್ಟರು.

"ಈಗ ಮಲಗಮ್ಮ. ರಾಣಿಗೂ ಇಂಥ ಹಾಸಿಗೆ ಸಿಗಲ್ಲ."

ಸೊಸೆ ನಕ್ಕಳು. ಮಾವನ ಮೇಲೆ ಅವಳಿಗೆ ಅಕ್ಕರೆ ಇತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಕುತ್ತಿಗೆ ನೋವು ಕಂಡು ಏಳು ದಿಂಬು ಮಾಡಿ ಒಂದೊಂದಾಗಿ ಪರೀಕ್ಷೆ ಮಾಡಿಸಿದ್ದ ಮನುಷ್ಯ. ಕೆಟ್ಟವರಲ್ಲ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ಹೆಚ್ಚು ಹೊಟ್ಟೆ ಉರಿಸುವ ಸಂಗತಿ.

ನಾಲ್ಕು ದಿನ ಕಳೆಯಿತು. ನವೆ ಹೋಗಲಿಲ್ಲ; ಅಂಗೈಯಲ್ಲಿದ್ದದ್ದು ಅಂಗಾಲಿಗೂ ಇಳಿಯಿತು. ಅತ್ತೆ ಸೋಪು ಬದಲಿಸಿದರು, ಬಟ್ಟೆಯನ್ನು ಮೂರು ನೀರಿನಲ್ಲಿ ಜಾಲಿಸಿದರು, ಬದನೆಕಾಯಿ ನಿಲ್ಲಿಸಿದರು, ಮೊಟ್ಟೆ ನಿಲ್ಲಿಸಿದರು. ಸೊಸೆಯ ತಟ್ಟೆಯಲ್ಲಿ ಅನ್ನ ಮತ್ತು ಬೇಯಿಸಿದ ಸೊಪ್ಪು ಉಳಿಯಿತು. ಮಗ ಪ್ರೆಸ್ಸಿನಲ್ಲಿ ಯಂತ್ರ ನಡೆಸುವವನು. ಇಡೀ ದಿನದ ಗಡಗಡ ಸದ್ದು ಕಿವಿಯಲ್ಲಿ ತುಂಬಿಕೊಂಡು ಬಂದು, ಉಂಡು, ಬಿದ್ದ ತಕ್ಷಣ ಗೊರಕೆ.

"ನಿನಗೆ ಕಚ್ಚಲ್ವೇನೋ?" ಎಂದು ಮೇಸ್ತ್ರಿ ಅವನನ್ನು ಗುಟ್ಟಾಗಿ ಕೇಳಿದರು.

"ಏನು ಕಚ್ಚೋದು?"

"ಏನಾದ್ರೂ."

"ಅಪ್ಪಾ, ನನ್ನ ಮೇಲೆ ಲಾರಿ ಹೋದ್ರೂ ನನಗೆ ಎಚ್ಚರ ಆಗಲ್ಲ."

ಆ ಮನೆಯಲ್ಲಿ ಕಣ್ಣು ತೆರೆದು ನೋಡಿದವಳು ಒಬ್ಬಳೇ, ಮಗಳು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ನಾಲಿಗೆಯ ಖಾರಕ್ಕೆ ಮನೆಯಲ್ಲಿ ಅವಳಿಗೆ ಮೆಣಸಿನಕಾಯಿ ಎಂದೇ ಹೆಸರು. ಊಟಕ್ಕೆ ಕೂತಾಗ ಅತ್ತಿಗೆಯ ಕೈಯನ್ನು ದೀಪಕ್ಕೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು.

"ಅಪ್ಪಾ, ತಿಗಣೆ ಕಚ್ಚಿದ್ರೆ ಗುಳ್ಳೆ ಬರಬೇಕಲ್ವಾ? ಅತ್ತಿಗೆ ಕೈಯಲ್ಲಿ ಏನೂ ಇಲ್ಲ. ಕೆರೆದುಕೊಂಡ ಗೀರು ಬಿಟ್ರೆ ಒಂದು ಚುಕ್ಕೆ ಇಲ್ಲ."

ತಟ್ಟೆಗಳ ಮೇಲಿನ ಕೈಗಳೆಲ್ಲ ನಿಂತವು. ಆ ಮಾತು ಮನೆಯೊಳಗೆ ಬಂದು ಕೂತಾಗಿತ್ತು.

"ಮೆಲ್ಲಗೆ ಮಾತಾಡು" ಎಂದರು ಮೇಸ್ತ್ರಿ. "ಗೋಡೆ ಆಚೆ ಟೈಲರ್ ಮನೆ. ಅವನ ಹೆಂಡತಿ ಬಾಯಿಗೆ ಬಿದ್ರೆ ಸಾಯಂಕಾಲಕ್ಕೆ ಊರಿಗೆ ಡಂಗುರ."

"ನಾನು ಹೇಳ್ತಿರೋದು ಅದಲ್ಲ. ಇದು ಅದರದ್ದಲ್ಲ ಅಂತ ಹೇಳ್ತಿದೀನಿ. ಡಾಕ್ಟರ್‌ಗೆ ತೋರಿಸೋಣ."

"ನವೆಗೆ ಡಾಕ್ಟರ್ ಹತ್ರ ಹೋಗ್ತಾರೇನೆ? ಬಸುರೀಲಿ ನವೆ ಆಗುತ್ತೆ" ಎಂದರು ಅತ್ತೆ. "ನಿನ್ನ ಹೊತ್ತಾಗ ನನ್ನ ಹೊಟ್ಟೆಯೆಲ್ಲ ಕೆರೆತ."

"ಅದು ಹೊಟ್ಟೆ ಅಮ್ಮ. ಚರ್ಮ ಹಿಗ್ಗಿದ್ರೆ ಕೆರೆತ ಬರುತ್ತೆ. ಅಂಗಾಲು ಯಾಕೆ ಹಿಗ್ಗುತ್ತೆ?"

ಮಾತು ಸೋತಾಗ ಹಿರಿಯರು ಏನು ಮಾಡುತ್ತಾರೋ ಅದನ್ನೇ ಅತ್ತೆಯೂ ಮಾಡಿದರು: "ಉಣ್ಣುವಾಗ ಕಾಲಿನ ಮಾತು ಬೇಡ" ಎಂದು ಮಗಳ ತಟ್ಟೆಗೆ ಇನ್ನೊಂದು ಸೌಟು ಬೇಳೆ ಸುರಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಗಾದೆ ಹೇಳುತ್ತದೆ. ಇಲ್ಲಿ ಅಂಗೈಯಲ್ಲಿ ಹುಣ್ಣೇ ಇರಲಿಲ್ಲ, ಬರಿಯ ಸಂಕಟವಿತ್ತು. ಅದಕ್ಕೇ ಯಾರಿಗೂ ಕಾಣಲಿಲ್ಲ.

ಮೇಸ್ತ್ರಿ ಎರಡನೇ ಸಲ ಹಾಸಿಗೆ ಬಿಚ್ಚಿದರು. ಈ ಸಲ ಹತ್ತಿಯನ್ನೇ ತೆಗೆದುಹಾಕಿ, ದುಬಾರಿ ಗಿರಾಕಿಗೆಂದು ಎತ್ತಿಟ್ಟಿದ್ದ ಬೂರುಗದ ಹತ್ತಿ ತುಂಬಿದರು. ಹೆಂಡತಿ ಅಂಗಳದ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತ ನೋಡುತ್ತಿದ್ದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಅವಳಿಗೆ ನವೆ ಆದ್ರೆ ನೀವು ಹಾಸಿಗೆಗೆ ಬಡೀತೀರಿ."

"ನಿನಗೇನು ಗೊತ್ತು? ಮುಂದಿನ ವಾರ ಹೆರಿಗೆ ಆಸ್ಪತ್ರೆಯಿಂದ ಇಪ್ಪತ್ತು ಹಾಸಿಗೆ ಆರ್ಡರ್ ಬರೋದಿದೆ. ಇಪ್ಪತ್ತು! ಹಾಸಿಗೆ ಮೇಸ್ತ್ರಿ ಮನೇಲೇ ಸೊಸೆ ಮೈ ಕೆರ್ಕೋತಾಳೆ ಅಂತ ಗೊತ್ತಾದ್ರೆ ನಮಗೆ ಕೊಡ್ತಾರಾ?"

"ಅವರೇನು ನಮ್ಮ ಮನೆಗೆ ಬಂದು ನೋಡ್ತಾರಾ?"

"ಅವರು ಬರಬೇಕಾಗಿಲ್ಲ. ನಾವೇ ಹೋಗ್ತೀವಲ್ಲ, ತಪಾಸಣೆಗೆ."

ಆ ಮಾತು ಬಾಯಿಂದ ಬಿದ್ದ ಮೇಲೆಯೇ ಮೇಸ್ತ್ರಿಗೆ ಅದರ ಬಿಸಿ ತಟ್ಟಿದ್ದು. ಸೊಸೆಯನ್ನು ತೋರಿಸುತ್ತಿದ್ದದ್ದೂ ಅದೇ ಆಸ್ಪತ್ರೆ. ಬಸುರಿಯರನ್ನು ತೂಗಿ, ರಕ್ತದೊತ್ತಡ ನೋಡಿ, ಎಲ್ಲವನ್ನೂ ಕೇಳಿ ಬರೆದುಕೊಳ್ಳುವ ಹಿರಿಯ ನರ್ಸೇ ವಾರ್ಡಿನ ಹಾಸಿಗೆಗಳ ಉಸ್ತುವಾರಿಯನ್ನೂ ನೋಡುತ್ತಿದ್ದರು. ಯಾವ ಹಾಸಿಗೆ ಬೇಕು, ಯಾವುದು ಬೇಡ ಎಂದು ಹೇಳಬೇಕಾದವರು ಅವರೇ.

ತಪಾಸಣೆಯ ದಿನ ಹೆಂಡತಿಗೆ ಮಂಡಿನೋವು. ಹೇಗೂ ಮಾದರಿಯ ದಿಂಬು ತೋರಿಸಬೇಕಿತ್ತು, ಮೇಸ್ತ್ರಿಯೇ ಸೊಸೆಯ ಜೊತೆ ಹೊರಟರು. ಆಟೋ ಸಿಗುವ ತಿರುವಿನ ತನಕ ಇಬ್ಬರೂ ನಿಧಾನ ನಡೆದರು. ಸೊಸೆ ಚಪ್ಪಲಿಯೊಳಗೆ ಅಂಗಾಲನ್ನು ತಿಕ್ಕುತ್ತ ನಡೆಯುತ್ತಿದ್ದಳು.

"ನೋಡಮ್ಮ" ಎಂದರು ಮೇಸ್ತ್ರಿ, ದಿಂಬನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸುತ್ತ. "ನವೆ ವಿಷಯ ಸಿಸ್ಟರ್ ಹತ್ರ ಎತ್ತಬೇಡ."

ಸೊಸೆ ನಿಂತಳು. "ಕೇಳಿದ್ರೆ ಮಾವ?"

"ನವೆ ಇದೆಯಾ ಅಂತ ಯಾರು ಕೇಳ್ತಾರೆ? ನೀನಾಗಿ ಹೇಳಬೇಡ ಅಷ್ಟೇ. ಈ ಆರ್ಡರ್ ಒಂದು ಕೈಗೆ ಬರಲಿ, ಆಮೇಲೆ ಚರ್ಮದ ಡಾಕ್ಟರ್‌ಗೆ ನಾನೇ ಕರ್ಕೊಂಡು ಹೋಗ್ತೀನಿ. ಹತ್ತು ದಿನದ ಮಾತು."

ಅವಳು ಮತ್ತೆ ನಡೆಯತೊಡಗಿದಳು. ಆಮೇಲೆ "ಆಯ್ತು ಮಾವ" ಎಂದಳು. ಅವಳು ಹಟ ಮಾಡಿದ್ದರೆ ಮೇಸ್ತ್ರಿ ಖಂಡಿತ ಬಿಟ್ಟುಬಿಡುತ್ತಿದ್ದರು. ಆಮೇಲೆ ಎಷ್ಟೋ ದಿನ ಅವರು ಇದನ್ನೇ ಹಿಡಿದುಕೊಂಡು ಜೋತಾಡಿದರು, ಅವಳು ಹಟ ಮಾಡಲಿಲ್ಲವಲ್ಲ ಎಂದು. ಆದರೆ ಹಟ ಮಾಡುವ ಸೊಸೆಯಾಗಿದ್ದರೆ ಅವರು ಆ ಮಾತನ್ನು ಆಡುತ್ತಲೇ ಇರಲಿಲ್ಲ. ಅದೂ ಅವರಿಗೆ ಗೊತ್ತಿತ್ತು.

ಆಸ್ಪತ್ರೆಯ ಹಜಾರದಲ್ಲಿ ಬೆಂಚಿನ ತುಂಬ ಬಸುರಿಯರು. ಸೊಸೆಯ ಸರದಿ ಬಂದಾಗ ಮೇಸ್ತ್ರಿ ಬಾಗಿಲ ಬಳಿ ದಿಂಬು ತಬ್ಬಿಕೊಂಡು ನಿಂತರು. ನರ್ಸು ತೂಕ ಬರೆದರು, ಹೊಟ್ಟೆಯ ಅಳತೆ ಬರೆದರು, ಮಗುವಿನ ಎದೆಬಡಿತ ಕೇಳಿ ತಲೆಯಾಡಿಸಿದರು.

"ಎಲ್ಲಾ ಚೆನ್ನಾಗಿದೆ. ಕಾಲು ಊತ ಇದೆಯಾ? ತಲೆನೋವು? ಕಣ್ಣು ಮಂಜಾಗೋದು?"

"ಇಲ್ಲ ಸಿಸ್ಟರ್."

"ಮಗು ಚೆನ್ನಾಗಿ ಆಡುತ್ತಾ?"

"ಆಡುತ್ತೆ ಸಿಸ್ಟರ್. ಸುಮ್ಮನೆ ಇರೋದೇ ಇಲ್ಲ."

"ಬೇರೆ ಏನಾದ್ರೂ ತೊಂದರೆ? ಏನಿದ್ರೂ ಹೇಳಬೇಕು, ಚಿಕ್ಕದು ದೊಡ್ಡದು ಅಂತ ನೀನು ಲೆಕ್ಕ ಹಾಕಬೇಡ."

ಸೊಸೆ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಮೇಸ್ತ್ರಿ ದಿಂಬಿನ ಮೂಲೆಯನ್ನು ಸರಿಪಡಿಸತೊಡಗಿದರು. ಅವಳ ಕಣ್ಣನ್ನು ಅವರು ನೋಡಲಿಲ್ಲ, ಆದರೆ ಅದು ತಮ್ಮ ಮೇಲಿದೆ ಎಂದು ಗೊತ್ತಿತ್ತು.

"ಏನೂ ಇಲ್ಲ ಸಿಸ್ಟರ್."

ನರ್ಸಿಗೆ ದಿಂಬು ತುಂಬ ಹಿಡಿಸಿತು. ಅಂಗೈಯಿಂದ ಒತ್ತಿ, ಅದು ಮೆಲ್ಲಗೆ ಮೇಲೇಳುವುದನ್ನು ನೋಡಿ, "ಮೇಸ್ತ್ರಿಗಳೇ, ನಿಮ್ಮ ಕೈಲಿ ಕೆಲಸ ಇದೆ" ಎಂದರು. ಇಪ್ಪತ್ತು ಹಾಸಿಗೆ ಖಾಯಂ ಆಯಿತು. ಬರುವಾಗ ಮೇಸ್ತ್ರಿ ಸೊಸೆಗೆ ಎಳನೀರು ಕುಡಿಸಿ, ಒಂದು ಕಿಲೋ ದ್ರಾಕ್ಷಿ ಕೊಡಿಸಿದರು. ಅಷ್ಟು ಖುಷಿಯಾಗಿದ್ದರು.

ಆಮೇಲಿನ ವಾರವೆಲ್ಲ ಅಂಗಡಿಯಲ್ಲಿ ಹಿಂಜುವ ಯಂತ್ರ ಓಡಿದ್ದೇ ಓಡಿದ್ದು. ಮೇಸ್ತ್ರಿಯ ಹುಬ್ಬು, ಮೀಸೆ, ಕಿವಿಯ ಕೂದಲೆಲ್ಲ ಹತ್ತಿ. ಒಳಗೆ ಸೊಸೆ ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ಈರುಳ್ಳಿ ಹೆಚ್ಚುತ್ತಿದ್ದಳು. ಪಾತ್ರೆ ತಿಕ್ಕುವ ನಾರನ್ನು ಅಂಗಾಲಿಗೆ ಉಜ್ಜುತ್ತಿದ್ದುದನ್ನು ಅತ್ತೆ ಕಂಡು ಕಿತ್ತುಕೊಂಡರು. ಮೂತ್ರ ಕಡು ಬಣ್ಣಕ್ಕೆ ತಿರುಗಿದೆ ಎಂದು ಒಮ್ಮೆ ಅವಳು ನಾಚುತ್ತ ಹೇಳಿದಾಗ "ಮೈಯಲ್ಲಿ ಉಷ್ಣ, ನೀರು ಸಾಲ್ತಿಲ್ಲ, ಇನ್ನೆರಡು ಲೋಟ ಕುಡಿ" ಎಂದರು. ಅವರು ಹೇಳಿದ್ದೆಲ್ಲ ಪ್ರೀತಿಯಿಂದಲೇ ಹೇಳಿದ್ದು.

"ರಾತ್ರಿಯೆಲ್ಲ ಅಡುಗೆಮನೆ ನೆಲದ ಮೇಲೆ ಕೂತಿರ್ತಾಳೆ. ಅಂಗಾಲನ್ನ ಕಲ್ಲಿಗೆ ಒತ್ತಿಕೊಂಡು ಹಾಗೇ ತೂಕಡಿಸ್ತಾಳೆ" ಎಂದಳು ಮಗಳು ಒಂದು ಬೆಳಗ್ಗೆ. "ನಾಳೆ ನಾನು ರಜ ಹಾಕಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ನಾಳಿದ್ದು ಮಾಲು ಹೋಗುತ್ತೆ" ಎಂದರು ಮೇಸ್ತ್ರಿ. "ಸೋಮವಾರ ಹೇಗೂ ತಪಾಸಣೆ ಇದೆ. ಐದು ದಿನದಲ್ಲಿ ಏನು ಮುಳುಗಿಹೋಗುತ್ತೆ?"

"ಹೌದು ಬಿಡೇ" ಎಂದ ಮಗನೂ. "ರಜ ಹಾಕಿ ಆ ಮೇಲ್ವಿಚಾರಕಿ ಹತ್ರ ಬೈಸ್ಕೋತೀಯ."

ಮೆಣಸಿನಕಾಯಿ ಸೊಸೆಯ ಮುಖ ನೋಡಿದಳು. ಸೊಸೆ, "ಸೋಮವಾರ ಹೋಗ್ತೀನಿ" ಎಂದಳು. ಮೇಸ್ತ್ರಿ ಅವತ್ತು ಕೆಲಸದ ನಡುವೆಯೂ ಬಿಡುವು ಮಾಡಿಕೊಂಡು ಮೂರನೇ ಸಲ ಅವಳ ಹಾಸಿಗೆ ಬಿಚ್ಚಿದರು. ಚೀಲವನ್ನೇ ಬದಲಿಸಿ, ಆಸ್ಪತ್ರೆಯ ಹಾಸಿಗೆಗೆ ತಂದಿದ್ದ ಗಟ್ಟಿ ಬಿಳಿ ಬಟ್ಟೆ ಹಾಕಿ ಹೊಲಿದರು. ಮಾಡುವುದನ್ನೆಲ್ಲ ಮಾಡುತ್ತಿದ್ದೇನೆ ಎಂಬ ಸಮಾಧಾನ ಅವರ ಒಂದೊಂದು ಟಾಕಿನಲ್ಲೂ ಇತ್ತು.

ಶುಕ್ರವಾರ ಮಾಲು ಹೋಯಿತು. ಭಾನುವಾರ ಬೆಳಗ್ಗೆ ಸೊಸೆ ಚಹಾ ಮಾಡಲು ಏಳಲಿಲ್ಲ. ಅತ್ತೆ ಕೋಣೆಗೆ ಹೋದರೆ ಹಾಸಿಗೆಯ ಅಂಚಿನಲ್ಲಿ ಕೂತು, ಎರಡೂ ಕೈಯಿಂದ ಹೊಟ್ಟೆಯನ್ನು ಹಿಡಿದುಕೊಂಡಿದ್ದಳು.

"ಅತ್ತೆ, ನಿನ್ನೆ ಸಾಯಂಕಾಲದಿಂದ ಆಡಿಲ್ಲ. ಮಲಗಿರಬೇಕು ಅಂದ್ಕೊಂಡೆ."

ಅತ್ತೆ ಬಾಯಿಗೆ ಬಂದ ಮಾತನ್ನು ನುಂಗಿದರು. ತಣ್ಣೀರು ಕುಡಿಸಿದರು, ಎಡ ಮಗ್ಗುಲಿಗೆ ಮಲಗಿಸಿದರು, ಹೊಟ್ಟೆಯ ಮೇಲೆ ಕೈಯಿಟ್ಟು ಕಾದರು. ಆಮೇಲೆ ಮಗನನ್ನು ಕೂಗಿದ ಕೂಗಿಗೆ, ಲಾರಿ ಹೋದರೂ ಏಳದವನು ಎದ್ದು ಬಂದ.

ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ತುಂಬಿಕೊಂಡ ಕೆನ್ನೆ, ತಲೆ ತುಂಬ ಕೂದಲು. ಉಸಿರೊಂದು ಇರಲಿಲ್ಲ.

ಡಾಕ್ಟರಮ್ಮ ಸೊಸೆಯ ಕಾಲಿನ ಗೀರುಗಳನ್ನು ನೋಡಿ, ರಕ್ತ ಪರೀಕ್ಷೆಗೆ ಕಳಿಸಿ, ಫಲಿತಾಂಶ ಬಂದ ಮೇಲೆ ಎಲ್ಲರನ್ನೂ ಕೂರಿಸಿ ಹೇಳಿದರು. ಗದರಲಿಲ್ಲ. ಗದರಿದ್ದರೆ ಮೇಸ್ತ್ರಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

"ಎಷ್ಟು ದಿನದಿಂದ ನವೆ ಇತ್ತು?"

"ಮೂರು ವಾರ... ನಾಲ್ಕು" ಎಂದರು ಅತ್ತೆ.

"ನೋಡಿ, ಬಸುರಿ ಹೆಂಗಸರಿಗೆ ನವೆ ಆಗೋದು ಮಾಮೂಲು. ನೂರಕ್ಕೆ ಎಷ್ಟೋ ಜನಕ್ಕೆ ಆಗುತ್ತೆ, ಏನೂ ಆಗಲ್ಲ. ಆದ್ರೆ ಕೊನೆ ತಿಂಗಳುಗಳಲ್ಲಿ ಅಂಗೈ ಅಂಗಾಲು ನವೆ, ಮೈಮೇಲೆ ಗುಳ್ಳೆ ಇಲ್ಲ, ರಾತ್ರಿ ಜಾಸ್ತಿ, ಮೂತ್ರ ಕಡು ಬಣ್ಣ... ಇದು ಚರ್ಮದ್ದಲ್ಲ. ಲಿವರ್‌ನಿಂದ ಪಿತ್ತ ಸರಿಯಾಗಿ ಹರಿಯದೆ ರಕ್ತದಲ್ಲಿ ಸೇರಿಕೊಳ್ಳುತ್ತೆ. ತಾಯಿಗೆ ನವೆ, ಅಷ್ಟೇ. ಅಪಾಯ ಮಗುಗೆ. ಇವರಿಗೆ ತುಂಬಾ ಏರಿತ್ತು."

"ಮೊದಲೇ ಬಂದಿದ್ರೆ?" ಎಂದು ಮಗ ಕೇಳಿದ.

"ಮೊದಲ ದಿನವೇ ಹೇಳಿದ್ರೂ ಅವಸರ ಮಾಡಿದ್ರು ಅಂತ ನಾವು ಬೈತಿರಲಿಲ್ಲ. ಒಂದು ರಕ್ತ ಪರೀಕ್ಷೆ. ಗೊತ್ತಾಗಿದ್ರೆ ಕಣ್ಣಿಟ್ಟು ನೋಡ್ತಿದ್ವಿ, ದಿನ ತುಂಬೋಕೆ ಕಾಯದೆ ಹೆರಿಗೆ ಮಾಡಿಸ್ತಿದ್ವಿ. ಖಂಡಿತ ಉಳೀತಿತ್ತು ಅಂತ ನಾನು ಹೇಳೋಕಾಗಲ್ಲ. ಉಳಿಸೋಕೆ ಅವಕಾಶ ಇರ್ತಿತ್ತು. ಮುಂದೆ ಮತ್ತೆ ಬಸುರಿಯಾದ್ರೆ ಇದು ಮರುಕಳಿಸಬಹುದು. ಆಗ ಒಂದು ದಿನ ಕೂಡ ಕಾಯಬೇಡಿ."

ಹಿರಿಯ ನರ್ಸು ಗೋಡೆಗೆ ಒರಗಿ ನಿಂತಿದ್ದರು. "ನಾನು ಕೇಳಿದೆನಲ್ಲಮ್ಮ" ಎಂದರು ಸೊಸೆಗೆ, ಕಣ್ಣು ತುಂಬಿಕೊಂಡು. "ಬೇರೆ ಏನಾದ್ರೂ ತೊಂದರೆ ಇದೆಯಾ ಅಂತ ಕೇಳಿದೆನಲ್ಲ."

ಸೊಸೆ ಚಾವಣಿ ನೋಡುತ್ತ ಮಲಗಿದ್ದಳು. ಅವಳ ಬೆನ್ನ ಕೆಳಗಿದ್ದದ್ದು ಶುಕ್ರವಾರ ಬಂದ ಇಪ್ಪತ್ತು ಹಾಸಿಗೆಗಳಲ್ಲಿ ಒಂದು. ಅವಳು ಯಾರ ಕಡೆಗೂ ನೋಡಲಿಲ್ಲ. ಮೇಸ್ತ್ರಿ ಆಗಲೇ ಹೇಳಬಹುದಿತ್ತು. ಬಾಯಿ ತೆರೆದರು ಕೂಡ. ಕೆಮ್ಮು ಬಂತು; ಯಾರೋ ನೀರು ಕೊಟ್ಟರು, ಕುಡಿದು ಲೋಟ ಹಿಂದೆ ಕೊಟ್ಟರು.

ಮನೆಗೆ ಬಂದ ನಾಲ್ಕೈದು ದಿನದಲ್ಲಿ ಸೊಸೆಯ ನವೆ ನಿಂತುಹೋಯಿತು. ಅದೇ ಕೋಣೆ, ಅದೇ ಹಾಸಿಗೆ, ಅದೇ ಸೋಪು. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕೂತಿರುವುದನ್ನು ಕಂಡರೆ ಮೇಸ್ತ್ರಿ ಎದ್ದು ಅಂಗಡಿಗೆ ಹೋಗಿಬಿಡುತ್ತಿದ್ದರು. ಅವಳು ಮತ್ತೆ ಕೆರೆದುಕೊಂಡರೂ ಸರಿ, ಆ ದಿನಗಳು ತಿರುಗಿ ಬರಲಿ ಎಂದು ಹುಚ್ಚುಹುಚ್ಚಾಗಿ ಆಸೆಪಟ್ಟರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಬೇರೆಯವರ ಮನೆಯ ವಿಷಯಕ್ಕೆ ಎಷ್ಟು ಸಲ ಅಂದಿದ್ದರೋ.

ಮಗನ ದುಃಖ ಸಿಟ್ಟಾಗಿ ತಿರುಗಿತು. ಸಿಟ್ಟಿಗೆ ಯಾರಾದರೂ ಬೇಕಲ್ಲ.

"ಅವರು ಕೇಳಿದಾಗ ಬಾಯಿ ಬಿಡೋಕೆ ನಿನಗೇನಾಗಿತ್ತು?" ಮೊದಲ ದಿನ ಮೆಲ್ಲಗೆ ಕೇಳಿದ. ಮೂರನೇ ದಿನ ಗಟ್ಟಿಯಾಗಿ ಕೇಳಿದ. ಆಮೇಲೆ ಅದು ದಿನಾ ಊಟದ ಜೊತೆಗೆ ಬರುವ ಮಾತಾಯಿತು. "ಬಾಯಲ್ಲಿ ಏನಿತ್ತು ನಿನಗೆ? ಏನೂ ಇಲ್ಲ ಸಿಸ್ಟರ್ ಅಂದ್ಯಂತೆ. ಏನೂ ಇಲ್ವಾ?"

"ಬಿಡೋ, ಹಸಿ ಮೈ ಅವಳದ್ದು" ಎಂದು ಅತ್ತೆ ತಡೆಯುತ್ತಿದ್ದರು. ಆದರೆ ಅವರೂ ಪಾತ್ರೆ ತೊಳೆಯುತ್ತ, "ಒಂದು ಮಾತು ಹೇಳಿದ್ರೆ ಆಗಿತ್ತು, ಒಂದೇ ಒಂದು ಮಾತು" ಎಂದು ನಲ್ಲಿಯ ನೀರಿಗೆ ಹೇಳಿಕೊಳ್ಳುವುದು ಎಲ್ಲರಿಗೂ ಕೇಳಿಸುತ್ತಿತ್ತು.

ಸೊಸೆ ಒಂದೇ ಒಂದು ಸಲವೂ ಮಾವನ ಹೆಸರೆತ್ತಲಿಲ್ಲ. ಅವರ ಕಡೆ ನೋಡಲೂ ಇಲ್ಲ. ಮೊದಲಿನಂತೆಯೇ ಬಡಿಸಿದಳು, ಅವರಿಗೆ ಹುಳಿ ಹಿಡಿಸುವುದಿಲ್ಲವೆಂದು ಮೊಸರನ್ನು ಮುಂಚೆಯೇ ನೋಡಿ ಹಾಕಿದಳು, ತಾನು ಎರಡು ತುತ್ತು ತಿಂದು ಎದ್ದಳು. ಅವಳು ದೂರಿದ್ದರೆ ಮೇಸ್ತ್ರಿ ಹೌದು ಎನ್ನುತ್ತಿದ್ದರು. ದೂರದಿರುವುದನ್ನೇ ನೆಪ ಮಾಡಿಕೊಂಡು, ಹೇಳಿದರೆ ಮಗ ದೂರವಾಗುತ್ತಾನೆ, ಹೆಂಡತಿ ಮುಖ ನೋಡುವುದಿಲ್ಲ, ಇನ್ನೆರಡು ದಿನ ಕಳೆದರೆ ಎಲ್ಲ ತಣ್ಣಗಾಗುತ್ತದೆ ಎಂದು ಅವರು ದಿನ ತಳ್ಳಿದರು. ಹತ್ತಿ ಹಿಂಜಿದ ಕೈ, ಮಾತನ್ನೂ ಹಿಂಜಿ ಹಿಂಜಿ ತೆಳುವಾಗಿಸುತ್ತಿತ್ತು. ಬರಿಯ ಹೇಡಿತನ ಅದು. ಮೂವತ್ತೆರಡು ವರ್ಷದ ಒಳ್ಳೆಯ ಹೆಸರಿನ ಒಳಗೆ ಅಷ್ಟು ಹೇಡಿತನ ಇತ್ತೆಂದು ಅವರಿಗೂ ಗೊತ್ತಿರಲಿಲ್ಲ.

ಹನ್ನೊಂದನೇ ದಿನ ರಜೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಮಗ ಅನ್ನ ಕಲೆಸುತ್ತ ತಲೆಯೆತ್ತದೆ, "ಪ್ರೆಸ್ಸಲ್ಲಿ ಎಲ್ಲರೂ ಕೇಳ್ತಾರೆ. ನಾನೇನು ಹೇಳಲಿ? ನನ್ನ ಹೆಂಡತಿಗೆ ನಾಚಿಕೆ, ಅದಕ್ಕೆ ಮಗು ಹೋಯ್ತು ಅಂತ ಹೇಳಲಾ?" ಎಂದ.

ಸೊಸೆಯ ಕೈಯಲ್ಲಿ ಸೌಟಿತ್ತು. ಅವನ ತಟ್ಟೆಗೆ ಬೇಳೆ ಬಡಿಸಿದಳು.

"ನಾನು" ಎಂದರು ಮೇಸ್ತ್ರಿ.

ಯಾರಿಗೂ ಅರ್ಥವಾಗಲಿಲ್ಲ. "ಏನಪ್ಪಾ, ನೀರು ಬೇಕಾ?" ಎಂದಳು ಮಗಳು.

"ನಾನು ಹೇಳಿದ್ದು. ಸಿಸ್ಟರ್‌ಗೆ ಹೇಳಬೇಡ ಅಂತ ನಾನು ಹೇಳಿದ್ದು. ಆಸ್ಪತ್ರೆಗೆ ಹೋಗ್ತಾ ದಾರೀಲಿ. ಆರ್ಡರ್ ತಪ್ಪಿಹೋಗುತ್ತೆ ಅಂತ. ಅವಳು ಕೇಳಿದ್ಲು, ಸಿಸ್ಟರ್ ಕೇಳಿದ್ರೆ ಏನು ಹೇಳಲಿ ಅಂತ. ಆಮೇಲೆ ಅವರು ಕೇಳಿದಾಗ ನನ್ನ ಕಡೆ ನೋಡಿದ್ಲು. ನಾನು ದಿಂಬು ನೋಡ್ತಾ ನಿಂತಿದ್ದೆ."

ಹೆಂಡತಿ ಕೈಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. ಮಗಳು, "ಅಪ್ಪಾ" ಎಂದಳು. ಮಗ ಅಪ್ಪನ ಮುಖವನ್ನು, ಆಮೇಲೆ ಹೆಂಡತಿಯ ಮುಖವನ್ನು ನೋಡಿದ. ಎಂಜಲು ಕೈಯಲ್ಲೇ ಎದ್ದು ಅಂಗಳಕ್ಕೆ ಹೋದ. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ನಿಲ್ಲಿಸಿದ ಸದ್ದು ಕೇಳಿಸಲಿಲ್ಲ.

ಮೇಸ್ತ್ರಿ ಸೊಸೆಯ ಕಡೆ ತಿರುಗಿದರು. "ತಪ್ಪಾಯ್ತಮ್ಮ" ಎಂದರು. ತಾವು ಅಳುತ್ತಿದ್ದೇವೆ ಎಂದು ಅವರಿಗೆ ಗೊತ್ತಾದದ್ದು ಅನ್ನದ ಮೇಲೆ ಹನಿ ಬಿದ್ದಾಗ.

ಸೊಸೆ ಸೌಟನ್ನು ಪಾತ್ರೆಯೊಳಗಿಟ್ಟಳು. ಅಷ್ಟು ದಿನಗಳ ಮೇಲೆ ಮೊದಲ ಸಲ ಅವರನ್ನು ನೇರವಾಗಿ ನೋಡಿದಳು. ದನಿ ಎತ್ತರಿಸಲಿಲ್ಲ.

"ಅವತ್ತು ನೀವು ಹೇಳಿದ್ರಿ, ನಾನು ಕೇಳಿದೆ. ಅದರಲ್ಲಿ ನನ್ನ ತಪ್ಪೂ ಇದೆ ಮಾವ. ಮಗು ನನ್ನ ಹೊಟ್ಟೇಲಿತ್ತು, ನಿಮ್ಮ ಹೊಟ್ಟೇಲಲ್ಲ. ಅದನ್ನ ನಾನು ಸಾಯೋವರೆಗೂ ಹೊರ್ತೀನಿ. ಆದ್ರೆ ಹನ್ನೊಂದು ದಿನ ಇವರು ನನ್ನನ್ನ ಬೈದ್ರು. ನೀವು ಪಕ್ಕದಲ್ಲೇ ಕೂತು ಊಟ ಮಾಡಿದ್ರಿ."

ಮಗುವಿನ ವಿಷಯಕ್ಕೆ ಮೇಸ್ತ್ರಿ ಗೊತ್ತಿರಲಿಲ್ಲ ಎನ್ನಬಹುದಿತ್ತು. ಈ ಹನ್ನೊಂದು ದಿನಕ್ಕೆ ಅದನ್ನೂ ಅನ್ನುವ ಹಾಗಿರಲಿಲ್ಲ.

ಸೊಸೆ ತನ್ನ ತಟ್ಟೆ ಎಳೆದುಕೊಂಡು ಕೂತಳು. ಅನ್ನ ಬಡಿಸಿಕೊಂಡಳು, ಬೇಳೆ ಹಾಕಿಕೊಂಡಳು, ಯಾರ ಮುಖವನ್ನೂ ನೋಡದೆ ಉಂಡಳು. ಮುಗಿದ ಮೇಲೆ ಮತ್ತೊಂದು ಸಲ ಬಡಿಸಿಕೊಂಡಳು. ಮೇಸ್ತ್ರಿಯ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು; ಎಂದಿನಂತೆ ಮೊಸರು ಬೇಕಾ ಎಂದು ಅವಳು ಕೇಳಲಿಲ್ಲ. ಅವರು ಎದ್ದು ಹೋಗಲಿಲ್ಲ. ಅವಳು ಉಂಡು ಮುಗಿಸುವವರೆಗೂ ಅಲ್ಲೇ ಕೂತಿದ್ದರು.